ಸ್ಪಾರ್ಕ್ ಪ್ಲಗ್ಗಿನ ಹಿಂದಿನ ಹೆಸರು: ರಾಬರ್ಟ್ ಬಾಷ್

ಬೀದರ್: ಬೀದರ್ ನಗರದಿಂದ ಭಾಲ್ಕಿಗೋ ಔರಾದ್‌ಗೋ ಹೊರಟ ಪೆಟ್ರೋಲ್ ಕಾರು ನಡುದಾರಿಯಲ್ಲಿ ಜಗ್ಗತೊಡಗಿದರೆ ಮಿಸ್ತ್ರಿ ಮೊದಲು ಬಿಚ್ಚಿ ನೋಡುವ ವಸ್ತುಗಳಲ್ಲಿ ಸ್ಪಾರ್ಕ್ ಪ್ಲಗ್ ಒಂದು. ತುದಿ ಮಸಿ ಹಿಡಿದಿದೆಯೇ, ಗ್ಯಾಪ್ ಹಿಗ್ಗಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾನೆ. ನಾಲ್ಕು ಸಿಲಿಂಡರಿನ ಕಾರಿಗೆ ಸಾಮಾನ್ಯವಾಗಿ ನಾಲ್ಕು ಪ್ಲಗ್. ಸಾಧಾರಣ ನಿಕ್ಕಲ್ ಪ್ಲಗ್ ಒಂದಕ್ಕೆ ನೂರಿನ್ನೂರು ರೂಪಾಯಿಯ ಆಸುಪಾಸು. ಇರಿಡಿಯಂ ತುದಿಯದಾದರೆ ಅದರ ಹಲವು ಪಟ್ಟು. ಚೌಕಾಸಿ ಆರಂಭವಾಗುವುದೇ ಇಲ್ಲಿ. ಕಡಿಮೆ ಬೆಲೆಯ ಮಾಲು ಹಾಕಿದರೆ ಸಾಲದೇ ಎಂಬ ಈ ಪ್ರಶ್ನೆಗೆ ಶತಮಾನದ ಹಿಂದೆಯೇ ತನ್ನ ಬದುಕಿನ ಮೂಲಕ ಉತ್ತರ ಕೊಟ್ಟವರು ಜರ್ಮನಿಯ ರಾಬರ್ಟ್ ಬಾಷ್.

ಹನ್ನೊಂದನೆಯ ಮಗು

ಬಾಷ್ ಜನಿಸಿದ್ದು 1861ರ ಸೆಪ್ಟೆಂಬರ್ 23ರಂದು, ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆಗೆ ಹೊಲವೂ ಇತ್ತು, ಪ್ರಯಾಣಿಕರು ತಂಗುವ ವಸತಿಗೃಹವೂ ಇತ್ತು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದರಾದರೂ ಅಲ್ಲಿ ದೊರೆತ ತರಬೇತಿ ಅವರಿಗೆ ತೃಪ್ತಿ ತರಲಿಲ್ಲ. 1884ರಲ್ಲಿ ಅಮೆರಿಕಕ್ಕೆ ತೆರಳಿ ಎಡಿಸನ್ ಕಂಪನಿಯಲ್ಲಿ, ಬಳಿಕ ಇಂಗ್ಲೆಂಡಿನ ಸೀಮೆನ್ಸ್ ಕಾರ್ಖಾನೆಯಲ್ಲಿ ದುಡಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಸ್ವಂತ ಕಾರ್ಯಾಗಾರ ತೆರೆದಾಗ ಬಾಷ್ ಅವರ ಬಂಡವಾಳ 10,000 ಮಾರ್ಕ್; ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ. ಟೆಲಿಫೋನ್ ಜೋಡಣೆ, ವಿದ್ಯುತ್ ಗಂಟೆಯ ದುರಸ್ತಿ ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತಿದ್ದ ಆ ಅಂಗಡಿ ಹಲವು ವರ್ಷ ಸಾಲದಲ್ಲೇ ಉಸಿರಾಡಿತು.

ಕಿಡಿ ಹೊತ್ತಿದ ಬಗೆ

ಎಂಜಿನ್ನಿನೊಳಗೆ ವಿದ್ಯುತ್ ಕಿಡಿಯಿಂದ ಇಂಧನ ಹೊತ್ತಿಸುವ ಕಲ್ಪನೆ ಬಾಷ್ ಅವರದಲ್ಲ. ಫ್ರಾನ್ಸಿನಲ್ಲಿ ಲೆನ್ವಾರ್ 1860ರಲ್ಲೇ ಅದನ್ನು ಬಳಸಿದ್ದರು. ಆದರೆ ಓಡುವ ವಾಹನದಲ್ಲಿ ಆ ಕಿಡಿ ತಪ್ಪದೆ, ಹೊತ್ತಿಗೆ ಸರಿಯಾಗಿ ಹಾರುವಂತೆ ಮಾಡುವುದೇ ಕಠಿಣವಾಗಿತ್ತು. ಬಾಷ್ 1887ರಲ್ಲಿ ಸ್ಥಿರ ಎಂಜಿನ್ನಿಗೆ ಮ್ಯಾಗ್ನೆಟೊ ತಯಾರಿಸಿದರು. 1897ರಲ್ಲಿ ಅದನ್ನು ಡಿ ಡಿಯೋನ್ ಮೂರುಗಾಲಿ ವಾಹನಕ್ಕೆ ಅಳವಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಹಾಗೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ ರೂಪಿಸಿದ ಮೇಲೆ ಸಂಸ್ಥೆಯ ಅದೃಷ್ಟ ತೆರೆಯಿತು.

ಜಿಪುಣ, ಆದರೆ...

ಬಾಷ್ ಮಿತವ್ಯಯಿ. ನೆಲದ ಮೇಲೆ ಬಿದ್ದಿದ್ದ ಕಾಗದದ ಕ್ಲಿಪ್ಪನ್ನು ಹೆಕ್ಕಿ ತೋರಿಸಿ, ಅದು ತಮ್ಮ ದುಡ್ಡು ಎಂದು ನೌಕರನಿಗೆ ತಿಳಿಹೇಳಿದ ಕಥೆ ಅವರ ಕಂಪನಿಯಲ್ಲಿ ಪ್ರಸಿದ್ಧ. ಆದರೆ ಮಾಲಿನ ಗುಣಮಟ್ಟದಲ್ಲಿ ಉಳಿತಾಯ ಮಾಡಲು ಅವರು ಒಪ್ಪಲಿಲ್ಲ. ಗ್ರಾಹಕರ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಹಣ ಕಳೆದುಕೊಳ್ಳುವುದೇ ಲೇಸೆಂಬುದು ಅವರ ನಿಲುವಾಗಿತ್ತು. ದುಡಿಯುವವರ ಕೂಲಿಯಲ್ಲೂ ಜಿಪುಣತನ ತೋರಲಿಲ್ಲ. 1906ರಲ್ಲೇ ಎಂಟು ಗಂಟೆಯ ದುಡಿಮೆ ಜಾರಿಗೆ ತಂದರು. ಆದರೂ 1913ರಲ್ಲಿ ಕಹಿ ಮುಷ್ಕರ ಎದುರಿಸಬೇಕಾಯಿತು. ಮೊದಲ ಮಹಾಯುದ್ಧದಿಂದ ಬಂದ ಲಾಭದ ದೊಡ್ಡ ಪಾಲನ್ನು ನೆಕ್ಕರ್ ನದಿಯ ಕಾಲುವೆ ಕಾಮಗಾರಿಗೆ ದಾನ ಮಾಡಿದರು. 1921ರಲ್ಲಿ ಹರೆಯದ ಮಗನನ್ನು ಕಾಯಿಲೆಗೆ ಕಳೆದುಕೊಂಡರು. 1940ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವರ ಹೆಸರಿನ ಆಸ್ಪತ್ರೆ ತೆರೆಯಿತು.

ಕೊನೆಯ ವರ್ಷಗಳು ಇಬ್ಬಂದಿಯವು. ನಾಜಿ ಆಡಳಿತದ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ ಕಂಪನಿಯಲ್ಲಿ ಆಶ್ರಯ ದೊರೆಯಿತು, ಯಹೂದಿಗಳಿಗೆ ನೆರವು ಸಂದಿತು. ಅದೇ ಕಾಲದಲ್ಲಿ ಕಾರ್ಖಾನೆಗಳು ಯುದ್ಧ ಸಾಮಗ್ರಿ ತಯಾರಿಸಿದವು, ಬಲವಂತದ ಕೂಲಿಗಳನ್ನೂ ದುಡಿಸಿಕೊಂಡವು. 1942ರ ಮಾರ್ಚ್ 12ರಂದು ಬಾಷ್ ನಿಧನರಾದಾಗ ಅವರು ಮೆಚ್ಚದಿದ್ದ ಸರ್ಕಾರವೇ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು.

ಆಡುಗೋಡಿಯ ಮೈಕೋ

ಕನ್ನಡಿಗರಿಗೆ ಬಾಷ್ ಪರಿಚಯವಾದದ್ದು ಮೈಕೋ ಹೆಸರಿನಲ್ಲಿ. 1951ರಲ್ಲಿ ಸ್ಥಾಪನೆಯಾದ ಈ ಕಂಪನಿಯ ಬೆಂಗಳೂರು ಆಡುಗೋಡಿ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ತಯಾರಾದವು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎನಿಸಿತು. ಮೈಕೋ ಹೆಸರು ಬೆಂಗಳೂರಿನ ಬಡಾವಣೆಯೊಂದಕ್ಕೆ ಉಳಿದುಕೊಂಡಿದೆ. ಔರಾದ್ ರಸ್ತೆಯ ಡೀಸೆಲ್ ಜೀಪಿಗೆ ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಆದರೆ 1927ರಿಂದ ಡೀಸೆಲ್ ಪಂಪನ್ನು ಸಗಟಾಗಿ ತಯಾರಿಸಿದ್ದೂ ಇದೇ ಬಾಷ್ ಸಂಸ್ಥೆ.

ಸವೆದ ಪ್ಲಗ್ಗನ್ನು ಬದಲಿಸದೆ ಓಡಿಸಿದರೆ ಪೆಟ್ರೋಲ್ ಪೂರ್ತಿ ಉರಿಯದು, ಮೈಲೇಜ್ ಇಳಿಯುತ್ತದೆ. ಉರಿಯದ ಇಂಧನ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೊಕ್ಕರೆ ರಿಪೇರಿ ಸಾವಿರಾರು ರೂಪಾಯಿಗೆ ಏರುತ್ತದೆ. ಭಾಲ್ಕಿಯ ದಾರಿಯಲ್ಲಿ ಕಾರು ನಿಂತಾಗ ನಾಲ್ಕು ಪ್ಲಗ್ಗಿನ ಬೆಲೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ಒಳಿತು. ಕ್ಲಿಪ್ ಹೆಕ್ಕಿದ ಮನುಷ್ಯ ಮಾಡುತ್ತಿದ್ದುದೂ ಅದೇ ಲೆಕ್ಕ.