ಪಂಡಿತಾ ರಮಾಬಾಯಿಯವರೂ ಸಭಾಕೂಟವೂ

ಪಂಡಿತಾ ರಮಾಬಾಯಿಯವರ ಹೆಸರನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿದ್ದಾರೆ. ಅವರು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದವರೆಂದು ಬಲ್ಲವರು ಕೆಲವರೇ. ದೇವಾರಾಧನೆಗೆ ಕ್ರಮವಾಗಿ ಕೂಡಿಬರುವ ವಿಷಯದಲ್ಲಿ ಅವರ ಜೀವಿತವು ನಮಗೆ ಒಳ್ಳೇ ಪಾಠವಾಗಿರುವುದರಿಂದ ಅದನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ನೇ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ಕಾರ್ಕಳದ ಬಳಿಯ ಮಾಳದವರಾದ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕದ ನಿಂದೆಗೆ ಅಂಜದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದಳು. ತರುವಾಯ ಕುಟುಂಬವು ಬಡತನಕ್ಕೊಳಗಾಗಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ಬರಗಾಲದಲ್ಲಿ ತಂದೆತಾಯಿಗಳು ತೀರಿಹೋದರು. ಅಣ್ಣನೊಂದಿಗೆ ಕಾಲ್ನಡೆಯಾಗಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದಾಗ, ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂಬ ಬಿರುದನ್ನು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ವಿವಾಹವಾಯಿತು; 1882ರಲ್ಲಿ ಗಂಡನೂ ತೀರಿಹೋಗಲು, ಕೈಗೂಸಾದ ಮನೋರಮೆಯೊಂದಿಗೆ ಅವರು ಒಂಟಿಯಾದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರುಷ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಆಶೆ ಇತ್ತಾದರೂ ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ಇಷ್ಟು ಓದಿದವರಿಗೂ ದೀಕ್ಷಾಸ್ನಾನವಾದ ಕೂಡಲೇ ಪೂರ್ಣ ಸಮಾಧಾನ ದೊರೆಯಲಿಲ್ಲ. ಕ್ರಿಸ್ತಮತವನ್ನು ತಿಳಿದುಕೊಂಡಿದ್ದೆನೇ ಹೊರತು ಕ್ರಿಸ್ತನನ್ನೇ ಹೊಂದಿರಲಿಲ್ಲವೆಂದು ಅವರು ಬಹುಕಾಲದ ಮೇಲೆ ಒಪ್ಪಿಕೊಂಡರು. ಆ ನೆಮ್ಮದಿ ಅವರಿಗೆ ಬಂದದ್ದು ಕೆಲವು ವರುಷಗಳ ತರುವಾಯ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಬಂತು. ಅಲ್ಲಿ ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬ ಮಾತು ಕೊಟ್ಟಿದ್ದರು, ಅದನ್ನು ನಡಿಸಿದರು. ಆದರೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದಿತು. ರಾನಡೆ, ಭಾಂಡಾರ್ಕರ್ ಮೊದಲಾದ ಗೌರವಸ್ಥರು ಸಲಹಾಮಂಡಲಿಯನ್ನು ಬಿಟ್ಟರು. ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಶಾಲೆಯೇ ಮುಳುಗುವಂತಿದ್ದರೂ ಪ್ರಾರ್ಥನೆಯ ಬಾಗಿಲು ಮಾತ್ರ ಮುಚ್ಚಲಿಲ್ಲ.

1896-97ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ, ಸಾಯುವ ಸ್ಥಿತಿಯಲ್ಲಿದ್ದ ಹೆಣ್ಣುಮಕ್ಕಳನ್ನು ಪುಣೆಯ ಸಮೀಪದ ಕೇಡ್‌ಗಾಂವ್‌ಗೆ ಕರೆತಂದರು. ಹೀಗೆ ಮುಕ್ತಿ ಸದನವು ಬೆಳೆದು, 1900ರ ಬರದ ತರುವಾಯ ಅಲ್ಲಿ ಸಾವಿರಕ್ಕೂ ಮಿಕ್ಕಿ ಹೆಂಗಸರೂ ಮಕ್ಕಳೂ ಇದ್ದರು. ಕೋಲಾರ ಸೀಮೆಯ ನಮಗೆ ಇದು ಪರರ ಕಥೆಯಲ್ಲ. 1871ರಲ್ಲಿ 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು 1876-78ರ ಘೋರ ಕ್ಷಾಮದ ದೆಸೆಯಿಂದ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆ ಕಾಲದಲ್ಲಿ ಮಿಸ್ ಆನ್‌ಸ್ಟೆಯವರು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. 1890ರಲ್ಲಿ ಆ ಕಾರ್ಯವು ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಬಂತು. ಮುಕ್ತಿಯಲ್ಲಿ ರಮಾಬಾಯಿಯವರಿಗೆ ನೆರವಾದ ಮಿನ್ನಿ ಏಬ್ರಮ್ಸ್ ಎಂಬಾಕೆಯೂ ಅದೇ ಸಭೆಯ ಸೇವಕಿ.

ಅನ್ನ, ಬಟ್ಟೆ, ವಿದ್ಯೆ, ಕೈಗೆಲಸ ಎಲ್ಲವೂ ಮುಕ್ತಿಯಲ್ಲಿತ್ತು. ಆದರೂ ಆತ್ಮಿಕ ಬಲವು ಸಾಲದೆಂದು ಕಂಡು, 1905ನೇ ಜನವರಿಯಲ್ಲಿ ರಮಾಬಾಯಿಯವರು ದಿನಾಲು ಪ್ರಾರ್ಥನೆಗೆ ಕೂಡಿಬರುವಂತೆ ಕರೆದರು. ಸುಮಾರು 70 ಮಂದಿ ಬಂದರು. ತಿಂಗಳುಗಳು ಕಳೆದವು, ಅವರು ಬರುವುದನ್ನು ಬಿಡಲಿಲ್ಲ, ಕೂಟವು 500ಕ್ಕೂ ಮಿಕ್ಕಿ ಬೆಳೆಯಿತು. ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿ ಮಹಾ ಉಜ್ಜೀವನವು ಉಂಟಾಯಿತು. ಅದರ ಸುದ್ದಿ ಲೋಕದ ನಾನಾ ಕಡೆಗಳಿಗೆ ಮುಟ್ಟಿತು. ಆ ಮೊದಲಿನ ತಿಂಗಳುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಫಲ ಕಾಣದ ದಿನಗಳಲ್ಲಿಯೂ ಬಂದು ಕುಳಿತವರ ಮಧ್ಯದಲ್ಲಿಯೇ ಆಶೀರ್ವಾದವು ಇಳಿಯಿತು.

ಕೊನೆಯ ವರುಷಗಳಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ಭಾಷಾಂತರಿಸಿದರು. ಸಹಾಯಕಳಾಗಿದ್ದ ಮನೋರಮೆಯು 1921ರಲ್ಲಿ ತೀರಿಹೋದಳು. 1922ನೇ ಏಪ್ರಿಲ್ 5ರಂದು ರಮಾಬಾಯಿಯವರೂ ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ವಾಚಕರೇ, ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಬಂದಾಗ, ಮುಳಬಾಗಿಲಿನ ಕಡೆ ಟೊಮೇಟೊ ಕೊಯ್ಲು ಬಂದಾಗ, ಮಾಲೂರಿನಲ್ಲಿ ಇಟ್ಟಿಗೆ ಹೆಂಚಿನ ಕೆಲಸ ಹೆಚ್ಚಿದಾಗ ದೇವಾಲಯದ ಚಾಪೆಗಳು ಬರಿದಾಗುವುದನ್ನು ನಾವು ಬಲ್ಲೆವು. ಹೊಟ್ಟೆಪಾಡಿಗಾಗಿ ದುಡಿಯುವವನನ್ನು ನಾವು ದೂಷಿಸುವುದಿಲ್ಲ. ಹಾಸಿಗೆ ಹಿಡಿದವರ ಬಳಿಗೆ ಸಭೆಯೇ ಹೋಗತಕ್ಕದ್ದು. ಆದರೆ ಒಂದು ಭಾನುವಾರ ತಪ್ಪಿದವನಿಗೆ ಎರಡನೆಯದು ಸುಲಭ, ಮೂರನೆಯದು ವಾಡಿಕೆ. ಮನಸ್ಸಿಗೆ ಸಮಾಧಾನವಿಲ್ಲ, ಬಂದು ಫಲವೇನು ಎಂದು ಮನೆಯಲ್ಲಿ ಕೂರುವವರೂ ಇದ್ದಾರೆ. ಒಲೆಯಿಂದ ಹೊರಗೆಳೆದ ಕೊಳ್ಳಿಯು ಬೇಗ ಆರುವುದನ್ನು ನಮ್ಮ ತಾಯಂದಿರು ದಿನಾಲು ಕಾಣುತ್ತಾರೆ. ಸಾವಿರಾರು ಶ್ಲೋಕಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಪಂಡಿತೆಗೆ ಅನಾಥ ಹುಡುಗಿಯರ ನಡುವೆ ಮೊಣಕಾಲೂರುವುದು ಅಗತ್ಯವಾಗಿ ತೋರಿದ ಮೇಲೆ, ನಾವು ಒಂಟಿಯಾಗಿಯೇ ನಿಲ್ಲಬಲ್ಲೆವೆಂದು ಹೇಗೆ ಹೇಳೋಣ? ಕೂಟಕ್ಕೆ ಬರುವಾಗ ಒಂದು ತಿಂಗಳಿಂದ ಕಾಣದ ನೆರೆಯವನ ಮನೆಯ ಮುಂದೆ ನಿಂತು ಅವನನ್ನೂ ಕರೆದುಕೊಂಡು ಬರೋಣ.