ಪ್ಲೇಟ್‌ಲೆಟ್ ಕೆಲಸ ಮಾಡೋದನ್ನ ನೋಡಿದವನು

ಹೋದ ವರ್ಷ ನಮ್ಮ ಮುತ್ಯಾಗೆ ಲಕ್ವಾ ಹೊಡೀತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರಿಗೆ ಗೊತ್ತಿರುತ್ತೆ, ಇಂಥ ಹೊತ್ತಲ್ಲಿ ಗಾಡಿ ಮಾಡ್ಕೊಂಡು ವಿಜಯಪುರಕ್ಕೆ ಓಡೋದೇ. ಸಿಂದಗಿಯಿಂದ ನಾವೂ ಓಡಿದ್ವಿ. ಸ್ಕ್ಯಾನ್ ನೋಡಿ, ಮೆದುಳಲ್ಲಿ ರಕ್ತಸ್ರಾವ ಆಗಿಲ್ಲ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದೆ ಅಂದ್ರು.

ನನ್ನ ಕೈಯಲ್ಲಿ ಬ್ಲಡ್ ರಿಪೋರ್ಟ್ ಇತ್ತು. ಪ್ಲೇಟ್‌ಲೆಟ್ 2.4 ಲಕ್ಷ. ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಡೆಂಗ್ಯೂ ಬಂದಾಗ ನಾವೆಲ್ಲ ದಿನಾ ಕೇಳೋ ನಂಬರ್ ಅದೇ. 1.5ರಿಂದ 4.5 ಲಕ್ಷದೊಳಗೆ ಇದ್ರೆ ನಾರ್ಮಲ್. ಹಂಗಾದ್ರೆ ಹೆಪ್ಪು ಯಾಕೆ ಕಟ್ಟಿತು? ಅವು ಎಷ್ಟಿವೆ ಅನ್ನೋದು ಬೇರೆ, ಏನು ಮಾಡ್ತಿವೆ ಅನ್ನೋದು ಬೇರೆ ಅಂತ ಡಾಕ್ಟರ್ ಹೇಳಿದ್ರು. ಆ ಎರಡನೇ ಪ್ರಶ್ನೆ ಹಿಡ್ಕೊಂಡು ಓದ್ತಾ ಹೋದಾಗ ಸಿಕ್ಕಿದ ಮನುಷ್ಯ ಜೂಲಿಯೊ ಬಿಜೊಜೆರೊ.

ಈತ ಹುಟ್ಟಿದ್ದು 1846ರ ಮಾರ್ಚ್ 20ರಂದು, ಉತ್ತರ ಇಟಲಿಯ ವಾರೇಸೆ ಊರಲ್ಲಿ. ಪಾವಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದಾಗ ವಯಸ್ಸು 20. (ಆ ವಯಸ್ಸಿಗೆ ನಾವು ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಿರ್ತೀವಿ.) ಅದೇ 1866ರಲ್ಲಿ ಆಸ್ಟ್ರಿಯಾ ವಿರುದ್ಧದ ಯುದ್ಧಕ್ಕೆ ಸ್ವಯಂಸೇವಕನಾಗಿ ಹೋಗಿ ಬಂದ. ಗುರು ಮಾಂತೆಗಾಜಾ ರಾಜಕೀಯಕ್ಕೆ ಇಳಿದಿದ್ದರಿಂದ ಪ್ರಯೋಗಾಲಯದ ಹೊಣೆ ಈ ಹುಡುಗನ ಹೆಗಲಿಗೆ ಬಿತ್ತು. ಅಲ್ಲಿ ಇವನ ಕೈಕೆಳಗೆ ಮೈಕ್ರೋಸ್ಕೋಪ್ ಕೆಲಸ ಕಲಿತವರಲ್ಲಿ ಒಬ್ಬ ಕ್ಯಾಮಿಲ್ಲೊ ಗಾಲ್ಜಿ. ಹೌದು, ಬಯಾಲಜಿ ಪುಸ್ತಕದ ಗಾಲ್ಜಿ ಬಾಡಿಯ ಗಾಲ್ಜಿ. ವಯಸ್ಸಲ್ಲಿ ಬಿಜೊಜೆರೊಗಿಂತ 3 ವರ್ಷ ದೊಡ್ಡವನು. ಮುಂದೆ ಇವನ ಸೋದರ ಸೊಸೆಯನ್ನೇ ಮದುವೆಯಾದ.

1868ರಲ್ಲಿ ಬಿಜೊಜೆರೊ, ಕೆಂಪು ರಕ್ತಕಣಗಳು ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ ಅಂತ ತೋರಿಸಿದ. ಜರ್ಮನಿಯ ನೊಯ್ಮನ್ ಕೂಡ ಅದೇ ವರ್ಷ ಅದನ್ನೇ ಕಂಡುಕೊಂಡಿದ್ದ. ಮುಂದೆ ಕೆಲವೇ ವರ್ಷಗಳಲ್ಲಿ ಟ್ಯೂರಿನ್‌ನಲ್ಲಿ ಪ್ರೊಫೆಸರ್ ಆದ. ಅವನ ದೊಡ್ಡ ಕೆಲಸ ನಡೆದದ್ದು ಅಲ್ಲೇ.

ರಕ್ತದಲ್ಲಿ ಸಣ್ಣ ಸಣ್ಣ ಚೂರುಗಳಿವೆ ಅಂತ ಅವನಿಗಿಂತ ಮೊದಲೇ ಕೆಲವರು ನೋಡಿದ್ರು. ಆದ್ರೆ ಅದು ಒಡೆದ ಕಣಗಳ ಕಸ ಅಂತ ಕೆಲವರು ಅಂದ್ರೆ, ಫ್ರಾನ್ಸಿನ ಹಾಯೆಮ್ ಅವು ಕೆಂಪುಕಣಗಳ ಮರಿಗಳು ಅಂದ. ತೊಂದರೆ ಏನಂದ್ರೆ, ರಕ್ತ ಮೈಯಿಂದ ಹೊರಗೆ ಬಂದ ಕೂಡಲೇ ಅವು ಒಂದಕ್ಕೊಂದು ಅಂಟಿಕೊಂಡು ಆಕಾರ ಕೆಡಿಸಿಕೊಳ್ತವೆ. ಗಾಜಿನ ಮೇಲೆ ಬಿದ್ದ ಹನಿ ನೋಡಿ ಒಳಗಿನ ಸತ್ಯ ಹೇಳೋಕಾಗಲ್ಲ. ಅದಕ್ಕೆ ಬಿಜೊಜೆರೊ ಗಿನಿಪಿಗ್‌ಗಳ ಕರುಳಿನ ಪೊರೆಯನ್ನ ಮೈಕ್ರೋಸ್ಕೋಪ್ ಕೆಳಗೆ ಹರಡಿ, ಹರಿಯೋ ರಕ್ತವನ್ನೇ ನೋಡಿದ. ಕೆಂಪುಕಣದ ಅರ್ಧಕ್ಕಿಂತ ಚಿಕ್ಕದಾದ, ಬಣ್ಣವಿಲ್ಲದ ತಟ್ಟೆಗಳು ಬೇರೆಯಾಗೇ ಓಡ್ತಿದ್ವು. ನಾಳದ ಗೋಡೆಗೆ ಗಾಯ ಮಾಡಿದಾಗ ಮೊದಲು ಬಂದು ಅಂಟಿಕೊಂಡಿದ್ದು ಅವೇ, ಬಿಳಿಕಣಗಳು ಆಮೇಲೆ. ರಕ್ತದಲ್ಲಿ ದಾರ ಆಡಿಸಿದಾಗಲೂ ದಾರಕ್ಕೆ ಮೊದಲು ಮೆತ್ತಿಕೊಂಡಿದ್ದು ಅವೇ. ರಕ್ತ ಸೋರೋದನ್ನ ನಿಲ್ಲಿಸೋದೂ ಇವೇ, ನಾಳ ಮುಚ್ಚೋ ಹೆಪ್ಪಿಗೆ ಶುರು ಹಚ್ಚೋದೂ ಇವೇ. 1882ರಲ್ಲಿ ಜರ್ಮನ್ ಭಾಷೆಯಲ್ಲಿ ಉದ್ದನೆಯ ಲೇಖನ ಬರೆದು ಇದನ್ನ ಪ್ರಕಟಿಸಿದ.

ನಮ್ಮ ಎಲೆಕ್ಟ್ರಾನಿಕ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ವೋಲ್ಟ್‌ಮೀಟರ್ ಹಚ್ಚಿದ್ರೆ ಸರ್ಕ್ಯೂಟೇ ಸ್ವಲ್ಪ ಬದಲಾಗುತ್ತಲ್ಲ, ಆ ಲೋಡಿಂಗ್ ಎಫೆಕ್ಟ್ ಥರ. ಆ ಕಾಟ ಇವತ್ತಿಗೂ ತಪ್ಪಿಲ್ಲ. ಪ್ಲೇಟ್‌ಲೆಟ್ ಕೆರಳಿದಾಗ ಒಳಗಿನ ಚೀಲಗಳಲ್ಲಿದ್ದ ಪಿ-ಸೆಲೆಕ್ಟಿನ್ ಅನ್ನೋ ಪ್ರೋಟೀನ್ ಅದರ ಮೈಮೇಲೆ ಬರುತ್ತೆ. ಬೀಟಾ ಥ್ರಾಂಬೊಗ್ಲಾಬ್ಯುಲಿನ್, ಪ್ಲೇಟ್‌ಲೆಟ್ ಫ್ಯಾಕ್ಟರ್ 4 ರಕ್ತಕ್ಕೆ ಸುರೀತವೆ. ಲಕ್ವಾ, ಹೃದಯಾಘಾತ ಆದವರಲ್ಲಿ ಇವು ಹೆಚ್ಚಾಗಿರೋದನ್ನ ಸಂಶೋಧಕರು ಕಂಡಿದ್ದಾರೆ. ಆದ್ರೆ ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟಿದ್ರೂ, ರಕ್ತ ನಿಧಾನ ಎಳೆದ್ರೂ, ಟ್ಯೂಬ್ ಲ್ಯಾಬ್‌ಗೆ ಹೋಗೋದು ತಡ ಆದ್ರೂ ಪ್ಲೇಟ್‌ಲೆಟ್‌ಗಳು ಅಲ್ಲೇ ಕೆರಳ್ತವೆ. ಆಗ ರಿಪೋರ್ಟ್ ಹೇಳೋದು ರೋಗಿಯ ಕಥೆಯೋ ಸೂಜಿಯ ಕಥೆಯೋ ತಿಳಿಯಲ್ಲ. ಮುತ್ಯಾನ ರಿಪೋರ್ಟ್‌ನಲ್ಲಿ ಎಣಿಕೆ ಮಾತ್ರ ಇದ್ದದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಇದನ್ನ ಓದಿದ ಮೇಲೆ. ಈ ಪರೀಕ್ಷೆಗಳು ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇವೆ. ಅವನು ದಿನಾ ನುಂಗೋ ಸಣ್ಣ ಆಸ್ಪಿರಿನ್ ಗುಳಿಗೆ ಮಾತ್ರ ನೇರವಾಗಿ ಪ್ಲೇಟ್‌ಲೆಟ್ ಮೇಲೇ ಕೆಲಸ ಮಾಡುತ್ತೆ. ಒಂದ್ಸಲ ತಡೆದ್ರೆ ಆ ಪ್ಲೇಟ್‌ಲೆಟ್ ತನ್ನ 7ರಿಂದ 10 ದಿನದ ಆಯುಷ್ಯ ಪೂರ್ತಿ ಹಂಗೇ ಇರುತ್ತೆ.

ಮೈಕ್ರೋಸ್ಕೋಪ್‌ನಲ್ಲೇ ಬದುಕಿದ ಬಿಜೊಜೆರೊಗೆ ಕಡೆಗೆ ಕಣ್ಣೇ ಕೈಕೊಟ್ಟಿತು. ಕಣ್ಣಿನ ಕಾಯಿಲೆಯಿಂದ ಆ ಕೆಲಸ ಬಿಡಬೇಕಾಯ್ತು. ಸುಮ್ಮನೆ ಕೂರಲಿಲ್ಲ. 1890ರಲ್ಲಿ ಸೆನೆಟರ್ ಆಗಿದ್ದ, ಸಾರ್ವಜನಿಕ ಆರೋಗ್ಯದ ಬಗ್ಗೆ ಬರೀತಾ, ಓಡಾಡ್ತಾ ಇದ್ದ. 1901ರ ಏಪ್ರಿಲ್ 8ರಂದು ನ್ಯುಮೋನಿಯಾದಿಂದ ಟ್ಯೂರಿನ್‌ನಲ್ಲಿ ತೀರಿಕೊಂಡ. ವಯಸ್ಸು 55.

ಯುವಕನಿದ್ದಾಗ ಅವನು ಮಜ್ಜೆಯಲ್ಲಿ ಕೆಲವು ದೈತ್ಯ ಕೋಶಗಳನ್ನ ನೋಡಿ ವಿವರಿಸಿದ್ದ. ತನ್ನ ಪ್ಲೇಟ್‌ಲೆಟ್‌ಗಳು ಹುಟ್ಟೋದು ಅವುಗಳಿಂದಲೇ ಅಂತ ಅವನಿಗೆ ಹೊಳೆಯಲೇ ಇಲ್ಲ. ಅದನ್ನ ಅಮೆರಿಕದ ರೈಟ್ ಹೇಳಿದ್ದು 1906ರಲ್ಲಿ. ಗಾಲ್ಜಿಗೆ ನೊಬೆಲ್ ಬಂದದ್ದೂ ಅದೇ ವರ್ಷ.