ಮಿಲ್ಟನ್ ಮಹಾಕವಿಯ ಆರ್ಗನ್

1608ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜಾನ್ ಮಿಲ್ಟನ್ನನ ತಂದೆ ದಸ್ತಾವೇಜು ಬರೆಯುವ ವೃತ್ತಿಯವನು. ಆದರೆ ಸಂಗೀತ ರಚನೆಯಲ್ಲಿಯೂ ಹೆಸರಾಗಿದ್ದನು. ತಿದಿಯ ಗಾಳಿಯಿಂದ ಕೊಳವೆಗಳು ಉಲಿಯುವ ಆರ್ಗನ್ ವಾದ್ಯವನ್ನು ಮಗನು ಅವನಿಂದಲೇ ಕಲಿತನು. ಮುಂದೆ ಮಿಲ್ಟನ್ ಯಾವ ಪಾರ್ಲಿಮೆಂಟಿನ ಪಕ್ಷ ವಹಿಸಿದನೋ ಆ ಪಾರ್ಲಿಮೆಂಟೇ 1644ರಲ್ಲಿ ಚರ್ಚುಗಳಿಂದ ಆರ್ಗನ್ನುಗಳನ್ನು ಕಿತ್ತುಹಾಕಬೇಕೆಂದು ವಿಧಿಸಿತು. ಮರುವರ್ಷದ ಅವನ ಕವನ ಸಂಕಲನದಲ್ಲಾದರೋ ಅದೇ ನಾದಕ್ಕಾಗಿ ಹಂಬಲಿಸುವ ಕವಿತೆಯಿದೆ! ಪಕ್ಷನಿಷ್ಠೆ ಕಿವಿಯನ್ನು ಗೆಲ್ಲಲಿಲ್ಲ.

1649ರಲ್ಲಿ ಅವನು ಗಣರಾಜ್ಯದ ವಿದೇಶೀ ಭಾಷೆಗಳ ಕಾರ್ಯದರ್ಶಿಯಾದನು. 1652ರ ವೇಳೆಗೆ ಕಣ್ಣು ಪೂರ್ತಿ ಹೋಯಿತು. ಹೆಂಡತಿಯೂ ಒಬ್ಬನೇ ಮಗನೂ ಅದೇ ವರ್ಷ ತೀರಿಕೊಂಡರು. ಎರಡು ವರ್ಷಗಳ ಬಳಿಕ ಕ್ರಾಮ್‌ವೆಲ್, ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಆರ್ಗನ್ನನ್ನು ಬಿಚ್ಚಿಸಿ ತನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿದನು. ನಿಷೇಧಿಸಿದವರ ನಾಯಕನೇ ಇದಕ್ಕೆ ಒಲಿದನೆಂಬುದು ಸ್ವಾರಸ್ಯ. ಅಂಧಕವಿ ಅದನ್ನು ಅಲ್ಲಿ ನುಡಿಸಿದನೆಂದು ಪ್ರತೀತಿ. ದಾಖಲೆಯಿಲ್ಲ, ನಂಬಲು ಮನಸ್ಸಾಗುತ್ತದೆ.

1660ರಲ್ಲಿ ಅರಸೊತ್ತಿಗೆ ಮರಳಿತು. ಕವಿಯ ಗ್ರಂಥಗಳನ್ನು ಸುಟ್ಟರು, ಅವನನ್ನು ಕೆಲಕಾಲ ಸೆರೆಯಲ್ಲಿಟ್ಟರು. ಆರ್ಗನ್ ಆಕ್ಸ್‌ಫರ್ಡಿಗೆ ಹಿಂತಿರುಗಿತು. ಬಡತನದಲ್ಲಿ, ಬರೆದುಕೊಳ್ಳುವವರಿಗೆ ಹೇಳಿ ಹೇಳಿ, ಮಿಲ್ಟನ್ 'ಪ್ಯಾರಡೈಸ್ ಲಾಸ್ಟ್' ಮುಗಿಸಿದನು. ಅದು ಅಚ್ಚಾದದ್ದು 1667ರಲ್ಲಿ. ಮನೆಯಲ್ಲಿ ಆರ್ಗನ್ ನುಡಿಸುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1674ರಲ್ಲಿ ತೀರಿಕೊಂಡನು.

ಕಾಲೇಜಿನವರು ಆ ಹಳೆಯ ವಾದ್ಯವನ್ನು 1737ರಲ್ಲಿ ಟ್ಯೂಕ್ಸ್‌ಬರಿಯ ಚರ್ಚಿಗೆ ಮಾರಿದರು. ಅಲ್ಲಿ ಅದಕ್ಕೆ ಮಿಲ್ಟನ್ ಆರ್ಗನ್ ಎಂದೇ ಹೆಸರು.